ಒಂದೇ ಹೊಲ, ಐದು ಲೆಕ್ಕ

ಬೀದರ್ ಜಿಲ್ಲೆಯ ಭಾಲ್ಕಿಯ ಒಂದು ಆನ್‌ಲೈನ್ ಸೆಂಟರ್. ಒಂದು ಝೆರಾಕ್ಸ್ ಯಂತ್ರ, ಎರಡು ಕಂಪ್ಯೂಟರ್, ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಪಹಣಿ, ಎಫ್‌ಐಡಿ, ಆಧಾರ್, ಬೆಳೆ ವಿಮೆ. ಸೋಯಾ ಬಿತ್ತುವ ಹೊತ್ತು ಹತ್ತಿರವಾದಾಗ ಇಂಥ ಅಂಗಡಿಯ ಬೆಂಚು ಖಾಲಿ ಇರುವುದಿಲ್ಲ. ಅಲ್ಲಿ ಕುಳಿತು ನಾನು ಕೇಳಿಸಿಕೊಂಡ ಮಾತು ಇದು.

“ಕಾಕಾ, ಪಾಣಿದಾಗ ಮೂರು ಎಕರೆ ಅದ. ಆಕಾರಬಂದದಾಗ ಎರಡು ಎಕರೆ ಮೂವತ್ತಾರು ಗುಂಟಿ ಅದ. ತಾಳಿ ಆಗವಲ್ದು.”

“ಹೊಲ ಅಷ್ಟೇ ಅದಲ್ಲೋ ತಮ್ಮಾ. ನಮ್ಮಪ್ಪ ಹಾಕಿದ ಬದು ಇನ್ನಾ ಅಲ್ಲೇ ಅದ. ತೊಳದ್ರ ಸಣ್ಣದಾಗ್ಲಿಕ್ಕ ಹೊಲ ಏನು ಅರವಿ ಅದೇನು?”

ಹುಡುಗನ ಬಳಿ ಇದಕ್ಕೆ ಉತ್ತರ ಇರಲಿಲ್ಲ. ಅವನು ಎರಡೂ ಕಾಗದಗಳನ್ನು ಮಡಚಿ ಹಿರಿಯರ ಕೈಗೆ ಕೊಟ್ಟು, ಸರ್ವೆ ಆಫೀಸಿಗೆ ಹೋಗಿ ಬರ್ರಿ ಅಂದ. ನಾಲ್ಕು ಗುಂಟೆ ಅಂದರೆ 4,356 ಚದರ ಅಡಿ. ಬೀದರ್ ಪಟ್ಟಣದಲ್ಲಾದರೆ ಅಷ್ಟು ಜಾಗದಲ್ಲಿ ಮೂರು ಮನೆ ಏಳುತ್ತವೆ. ನೆಲದ ಮೇಲೆ ಇದ್ದಲ್ಲೇ ಇರುವ ಆ ಜಾಗ ಒಂದು ಕಾಗದದಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ.

ತಂತ್ರಾಂಶ ಕಟ್ಟುವವರ ಲೋಕದಲ್ಲಿ ಈ ತೊಂದರೆ ಹೊಸದಲ್ಲ. ಹೊರಗಿನ ಒಂದು ವಸ್ತುವನ್ನು ತಮ್ಮ ಕೆಲಸಕ್ಕೆ ಬೇಕಾದಷ್ಟೇ ಗುಣಗಳಿಗೆ ಇಳಿಸಿ ಬರೆದುಕೊಂಡ ಚಿತ್ರಕ್ಕೆ ಅವರು ಮಾಡೆಲ್ ಅನ್ನುತ್ತಾರೆ. ಒಂದೇ ವಸ್ತುವಿಗೆ ಹಲವು ಮಾಡೆಲ್‌ಗಳಿದ್ದು, ಅವುಗಳಲ್ಲಿ ಒಂದು ಬದಲಾದಾಗ ಉಳಿದವನ್ನು ಅದಕ್ಕೆ ಹೊಂದಿಸುವುದು ಹೇಗೆ ಎಂಬ ಪ್ರಶ್ನೆಯ ಮೇಲೆ ನಾಲ್ಕು ದಶಕಕ್ಕೂ ಮಿಕ್ಕಿ ಸಂಶೋಧನೆ ನಡೆದಿದೆ. ಪ್ರಯೋಗಾಲಯಗಳಲ್ಲಿ ಅದಕ್ಕೆ ಕೊಡುವ ಉದಾಹರಣೆಗಳು ವಿಮಾನದ ವಿನ್ಯಾಸ, ಕಾರಿನ ಎಂಜಿನ್ನು. ಕರ್ನಾಟಕದಲ್ಲಿ ಆ ಪ್ರಶ್ನೆಯನ್ನು ಪ್ರತಿದಿನ ಎದುರಿಸುತ್ತಿರುವುದು ರೈತರ ಹೊಲ.

ಒಂದು ಹೊಲಕ್ಕೆ ಎಷ್ಟು ಮಾಡೆಲ್‌ಗಳಿವೆ, ನೋಡಿ. ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ ಪಹಣಿ ಇದೆ. ಯಾರ ಹೆಸರು, ಎಷ್ಟು ವಿಸ್ತೀರ್ಣ, ಯಾವ ಋಣ, ಯಾವ ಬೆಳೆ ಎಂಬುದು ಅದರಲ್ಲಿರುತ್ತದೆ. ಭೂಮಾಪನ ಇಲಾಖೆಯಲ್ಲಿ ಅಳತೆಯಂತೆ ವಿಸ್ತೀರ್ಣ ಬರೆದಿಡುವ ಆಕಾರಬಂದು, ಟಿಪ್ಪಣಿ, ನಕ್ಷೆಗಳಿವೆ. ಅಳತೆಯ ಅರ್ಜಿಗಳು ನಡೆಯುವುದು ಅದೇ ಇಲಾಖೆಯ ‘ಮೋಜಿಣಿ’ ತಂತ್ರಾಂಶದಲ್ಲಿ. ನಮ್ಮ ಕಡೆ ಅಳತೆಗೆ ಮೊದಲಿಂದಲೂ ಮೋಜಣಿ ಎಂದೇ ಹೆಸರು. ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ ಕ್ರಯಪತ್ರ, ದಾನಪತ್ರ, ಅಡವುಗಳ ದಾಖಲೆ. ‘ಫ್ರೂಟ್ಸ್’ ಎಂಬ ವ್ಯವಸ್ಥೆಯಲ್ಲಿ ರೈತನ ಗುರುತು ಮತ್ತು ಅವನ ಹೊಲಗಳ ಪಟ್ಟಿ. ಎಫ್‌ಐಡಿ ಅನ್ನುವುದು ಅಲ್ಲಿಯ ಸಂಖ್ಯೆಗೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಈ ಹಂಗಾಮಿಗೆ ಏನು ಬಿತ್ತಿದ್ದಾರೆಂಬ ಫೋಟೊ. ಬ್ಯಾಂಕಿನ ಲೆಡ್ಜರು, ವಿಮೆಯ ‘ಸಂರಕ್ಷಣೆ’ ಪೋರ್ಟಲ್, ಬೆಳೆಹಾನಿಯ ‘ಪರಿಹಾರ’ ತಂತ್ರಾಂಶ, ಮೊಬೈಲಿನಲ್ಲಿ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಇವೆಲ್ಲ ಬೇರೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದೂ ಹೊಲದ ಒಂದೊಂದು ಮಗ್ಗುಲನ್ನು ಹೇಳುತ್ತದೆ. ಒಂದು ಮಗ್ಗುಲು ಬದಲಾದ ಸುದ್ದಿ ಇನ್ನೊಂದಕ್ಕೆ ಯಾವಾಗ, ಯಾರ ಮೂಲಕ ಮುಟ್ಟುತ್ತದೆ ಎಂಬುದರಲ್ಲಿದೆ ಎಲ್ಲ ಕಷ್ಟ.

ಬೀದರ್ ಜಿಲ್ಲೆಗೆ ಈ ಕಷ್ಟ ರಾಜ್ಯದ ಹಲವು ಜಿಲ್ಲೆಗಳಿಗಿಂತ ಒಂದು ಪದರ ಹೆಚ್ಚು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ನೆಲದ ಹಳೆಯ ಕಂದಾಯ ಕಾಗದಗಳು ಉರ್ದುವಿನಲ್ಲಿವೆ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ, 1954-55ರಲ್ಲಿ ತಯಾರಾದ ಖಾಸ್ರಾ ಪಹಣಿಯನ್ನು ನ್ಯಾಯಾಲಯಗಳಲ್ಲಿ ಇಂದಿಗೂ ಮುಂದಿಡುತ್ತಾರೆ. ಹೊಲದ ತಕರಾರು ಎದ್ದ ಮನೆಯವರು ಹಳೆಯ ನಕಲು ಹಿಡಿದುಕೊಂಡು ಉರ್ದು ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗುವುದು ಇಲ್ಲಿ ತೀರಾ ಸಹಜ. ಉರ್ದುವಿನಲ್ಲಿದ್ದ ಹೆಸರು ಕನ್ನಡಕ್ಕೆ ಬಂತು, ಕನ್ನಡದ ಕೈಬರಹ ಕಂಪ್ಯೂಟರಿಗೆ ಬಂತು. ಆಧಾರ್ ಬಂದಾಗ ಅದೇ ಹೆಸರು ಇಂಗ್ಲಿಷಿನಲ್ಲೂ ಬಂತು. ಔರಾದ್ ಕಡೆಯ ಮರಾಠಿ ಮಾತಾಡುವ ಮನೆಗಳಲ್ಲಿ ಹೆಸರಿನ ನಡುವೆ ತಂದೆಯ ಹೆಸರು ಬರುತ್ತದೆ, ಕೊನೆಗೆ ಅಡ್ಡಹೆಸರು. ಕನ್ನಡದ ಮನೆಗಳಲ್ಲಿ ತಂದೆಯ ಹೆಸರಿಗೆ ಮೊದಲು ‘ತಂದೆ’ ಎಂದು ಬರೆಯುವ ರೂಢಿ. ಒಬ್ಬನೇ ಮನುಷ್ಯ ನಾಲ್ಕು ಕಾಗದದಲ್ಲಿ ನಾಲ್ಕು ಬಗೆಯಾಗಿ ಕಾಣುವುದು ಹೀಗೆ. ಓದುವ ಮನುಷ್ಯನಿಗೆ ಒಬ್ಬನೇ ಎಂದು ತಿಳಿಯುತ್ತದೆ. ಯಂತ್ರಕ್ಕೆ ಅಕ್ಷರ ಹೊಂದಬೇಕು.

ಗಡಿಯ ಕಥೆಯೂ ಇದೆ. 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ಅಂದಿನ ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿತು. ಉದಗೀರ್, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ. ಉಳಿದದ್ದು ಮೈಸೂರು ರಾಜ್ಯಕ್ಕೆ. ಗಡಿಗೆರೆಯನ್ನು ತಾಲ್ಲೂಕಿನ ಲೆಕ್ಕದಲ್ಲಿ ಎಳೆದು ಅಲ್ಲಿಗೇ ನಿಲ್ಲಿಸಲಿಲ್ಲ. ಜಹೀರಾಬಾದ್ ತಾಲ್ಲೂಕು ಹೋಯಿತು, ಆದರೆ ಅದರೊಳಗಿನ ನಿರ್ಣಾ ಸರ್ಕಲ್ ಇಲ್ಲಿಯೇ ಉಳಿಯಿತು. ಬೀದರ್ ತಾಲ್ಲೂಕು ಉಳಿಯಿತು, ಆದರೆ ಅದರೊಳಗಿನ ನ್ಯಾಲ್ಕಲ್ ಸರ್ಕಲ್ ಅತ್ತ ಹೋಯಿತು. ಕಾಯ್ದೆಯಲ್ಲಿ ಇದು ಒಂದು ಸಣ್ಣ ಮಾತು. ಪಟವಾರಿಗಳಿಗೆ ಅದು ಊರೂರಿನ ಕಡತಗಳನ್ನು ಬೇರೆಬೇರೆ ಗಂಟು ಕಟ್ಟಿ, ಬೇರೆ ರಾಜ್ಯದ ಬೇರೆ ನಮೂನೆಗೆ ಇಳಿಸುವ ಕೆಲಸ.

ಅರುವತ್ತು ವರ್ಷಗಳ ನಂತರ ಅದೇ ಬಗೆಯ ಕೆಲಸ ಇನ್ನೊಮ್ಮೆ ಬಂತು, ಈ ಸಲ ಕಂಪ್ಯೂಟರಿನೊಳಗೆ. ಔರಾದ್ ತಾಲ್ಲೂಕನ್ನು ಒಡೆದು ಕಮಲನಗರ ತಾಲ್ಲೂಕು ಮಾಡಿದರು. ಹುಮನಾಬಾದಿನಿಂದ ಚಿಟಗುಪ್ಪ ಬೇರೆಯಾಯಿತು, ಬಸವಕಲ್ಯಾಣದ ಕಡೆ ಹುಲಸೂರು ತಾಲ್ಲೂಕಾಯಿತು. ಹೊಲ ಒಂದಿಂಚೂ ಸರಿಯಲಿಲ್ಲ. ಆದರೆ ತಂತ್ರಾಂಶದಲ್ಲಿ ಹೊಲದ ವಿಳಾಸ ಅಂದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಸಾಲಾಗಿ ನಿಂತ ಸಂಖ್ಯೆಗಳು. ಎರಡನೆಯ ಸಂಖ್ಯೆ ಬದಲಾದರೆ ಇಡೀ ಬೀಗದ ಕೈ ಬದಲಾದಂತೆ. ಹಳೆಯ ಕೈಯಿಂದ ಬಾಗಿಲು ತೆರೆಯುತ್ತಿದ್ದ ಪ್ರತಿ ತಂತ್ರಾಂಶಕ್ಕೂ ಹೊಸದನ್ನು ಕೊಡಬೇಕು. 2011ರ ಜನಗಣತಿಯ ಪುಸ್ತಕದಲ್ಲಿ ಕಮಲನಗರ ಔರಾದ್ ತಾಲ್ಲೂಕಿನ ಒಂದು ಊರು. ಅದರ ಹಿಂದಿನ ಕ್ರಯಪತ್ರಗಳಲ್ಲೂ ಹಾಗೆಯೇ. ಅವನ್ನು ತಿದ್ದಬಾರದು, ಏಕೆಂದರೆ ಅಂದು ಅದೇ ನಿಜ. ಇಂದಿನ ಪಹಣಿಯಲ್ಲಿ ಹೊಸ ಹೆಸರು ಬೇಕು, ಏಕೆಂದರೆ ಇಂದು ಇದೇ ನಿಜ. ಎರಡಕ್ಕೂ ನಡುವೆ, ಇಂಥ ದಿನ ಇಂಥ ಆದೇಶದಿಂದ ಹೀಗಾಯಿತು ಎಂಬ ಕೊಂಡಿಯೊಂದು ಇರಬೇಕು. ಆ ಕೊಂಡಿಯನ್ನು ಬರೆದಿಡದ ತಂತ್ರಾಂಶದಲ್ಲಿ ಹಳೆಯ ಹೊಲ ಸತ್ತು ಹೊಸ ಹೊಲ ಹುಟ್ಟಿದಂತೆ ಕಾಣುತ್ತದೆ.

ಇಷ್ಟೆಲ್ಲ ಪ್ರತಿಗಳು ಯಾಕೆ, ಒಂದೇ ಕಡೆ ಬರೆದಿಟ್ಟು ಎಲ್ಲರೂ ಅದನ್ನೇ ನೋಡಬಾರದೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಸಂಬಂಧಾತ್ಮಕ ಡೇಟಾಬೇಸಿನ ಸಿದ್ಧಾಂತ ಕೊಟ್ಟಾಗ ಅವರಿಗಿದ್ದ ಕಾಳಜಿಗಳಲ್ಲಿ ಒಂದು, ಅದೇ ಮಾತನ್ನು ಎರಡು ಕಡೆ ಬರೆದರೆ ಒಂದು ದಿನ ಅವು ಜಗಳವಾಡುತ್ತವೆ ಎಂಬುದು. ಒಂದು ತಂತ್ರಾಂಶದ ಒಳಗೆ ಅವರ ದಾರಿ ನಡೆಯುತ್ತದೆ. ಇಲಾಖೆಗಳ ನಡುವೆ ನಡೆಯುವುದಿಲ್ಲ. ನೋಂದಣಿಗೆ ಕೇಂದ್ರದ 1908ರ ಕಾಯ್ದೆ, ಪಹಣಿಗೆ ರಾಜ್ಯದ 1964ರ ಭೂಕಂದಾಯ ಕಾಯ್ದೆ, ಬ್ಯಾಂಕಿಗೆ ಅದರದೇ ನಿಯಮ. ಕಾನೂನು ಅಧಿಕಾರವನ್ನು ಹಂಚಿದೆ, ಆದ್ದರಿಂದ ದಾಖಲೆಯೂ ಹಂಚಿಹೋಗಿದೆ. ಹಂಚಿಕೊಂಡವರ ನಡುವೆ ಮಾತು ನಿಲ್ಲದಂತೆ ನೋಡಿಕೊಳ್ಳುವುದೊಂದೇ ಉಳಿದ ದಾರಿ.

ಆ ಮಾತಿನ ವ್ಯಾಕರಣವನ್ನು ವಿದ್ವಾಂಸರು ನಿಧಾನವಾಗಿ ಕಟ್ಟಿದ್ದಾರೆ. ಅದರಲ್ಲಿ ಮೂರು ವಿಚಾರಗಳು ನಮ್ಮ ಹೊಲಕ್ಕೆ ನೇರವಾಗಿ ಒಪ್ಪುತ್ತವೆ.

ಮೊದಲನೆಯದು, ಕಾಣದಿರುವುದನ್ನು ಮುಟ್ಟಬೇಡ ಎಂಬುದು. ಬ್ಯಾಂಕು ಪಹಣಿಯನ್ನು ನೋಡುವುದು ಒಂದು ಕಿಟಕಿಯಿಂದ. ಸಾಲ ಕೊಟ್ಟಾಗ ಅದು ಬದಲಿಸಬೇಕಾದದ್ದು 11ನೇ ಕಾಲಮಿನಲ್ಲಿರುವ ಋಣದ ಸಾಲು. 9ನೇ ಕಾಲಮಿನ ಮಾಲೀಕನ ಹೆಸರು ಹಾಗೆಯೇ ಇರಬೇಕು. ಹೇಳುವುದಕ್ಕೆ ಸುಲಭ. ಆದರೆ ಕಿಟಕಿಯಲ್ಲಿ ಕಂಡದ್ದನ್ನು ತಿದ್ದಿದಾಗ ಒಳಗಿನ ಪೂರ್ಣ ದಾಖಲೆಯಲ್ಲಿ ಏನಾಗಬೇಕು ಎಂಬುದಕ್ಕೆ ಹಲವು ಸಲ ಒಂದಕ್ಕಿಂತ ಹೆಚ್ಚು ಉತ್ತರಗಳಿರುತ್ತವೆ. ಊರಿನ ಒಟ್ಟು ಸೋಯಾ ವಿಸ್ತೀರ್ಣ ಐನೂರು ಎಕರೆ ಎಂದಿದ್ದುದನ್ನು ಯಾರೋ ನಾನೂರ ತೊಂಬತ್ತಕ್ಕೆ ತಿದ್ದಿದರು ಅನ್ನಿ. ಯಾರ ಹೊಲದಿಂದ ಹತ್ತು ಎಕರೆ ಕಳೆಯಬೇಕು? 1981ರಲ್ಲಿ ಫ್ರಾಂಸ್ವಾ ಬಾನ್ಸಿಲಾನ್ ಮತ್ತು ನಿಕೊಲಾಸ್ ಸ್ಪೈರಾಟೊಸ್ ಇದಕ್ಕೊಂದು ಕಟ್ಟು ಹಾಕಿದರು. ಕಿಟಕಿಯಲ್ಲಿ ಕಾಣುವುದಕ್ಕೆ ಪೂರಕವಾದ ಉಳಿದ ಭಾಗ ಯಾವುದೆಂದು ಮೊದಲೇ ಗೊತ್ತುಮಾಡಿ, ಅದನ್ನು ಕದಲದಂತೆ ಹಿಡಿ. ಹಾಗೆ ಹಿಡಿದೂ ತಿದ್ದಲು ಸಾಧ್ಯವಾದರೆ ತಿದ್ದು, ಆಗದಿದ್ದರೆ ತಿದ್ದುಪಡಿಯನ್ನೇ ಒಪ್ಪಬೇಡ. ಮುಂದೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರು ಇದನ್ನು ‘ಲೆನ್ಸ್’ ಎಂಬ ಹೆಸರಿನಲ್ಲಿ ಬೆಳೆಸಿದರು. ಎಡಿನ್‌ಬರೊದ ಪರ್ಡಿಟಾ ಸ್ಟೀವನ್ಸ್ ವೈದ್ಯರ ಪ್ರತಿಜ್ಞೆಯನ್ನು ನೆನೆದು ಒಂದು ಷರತ್ತಿಗೆ ಹಿಪೊಕ್ರಾಟಿಸನ ಹೆಸರಿಟ್ಟರು. ಎರಡು ಮಾಡೆಲ್‌ಗಳು ಈಗಾಗಲೇ ಹೊಂದಿಕೊಂಡಿದ್ದರೆ ಹೊಂದಿಸುವ ಯಂತ್ರ ಏನನ್ನೂ ಮಾಡಬಾರದು ಎಂಬುದು ಆ ಷರತ್ತು. ಸರಿಯಿದ್ದ ಪಹಣಿಯೊಂದು ಯಾವುದೋ ‘ಅಪ್‌ಡೇಟ್’ ಆದ ಮರುದಿನ ಕೆಟ್ಟಿರುವುದನ್ನು ಕಂಡವರಿಗೆ ಈ ಷರತ್ತಿನ ಬೆಲೆ ಗೊತ್ತು.

ಎರಡನೆಯ ವಿಚಾರ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಒಂದು ದಾಖಲೆಯ ನಿನ್ನೆಯ ರೂಪ ಮತ್ತು ಇಂದಿನ ರೂಪ ಎರಡನ್ನು ಎದುರುಬದುರು ಇಟ್ಟರೆ ಏನು ಬದಲಾಗಿದೆ ಎಂದು ತಿಳಿಯುತ್ತದೆ. ಏನು ನಡೆಯಿತು ಎಂದು ತಿಳಿಯುವುದಿಲ್ಲ. ನಿನ್ನೆ ಅಣ್ಣನ ಹೆಸರಿತ್ತು, ಇಂದು ತಮ್ಮನ ಹೆಸರಿದೆ. ಮಾರಾಟವಾಯಿತೇ? ಪಾಲಾಯಿತೇ? ಅಣ್ಣ ತೀರಿಕೊಂಡು ಪೌತಿ ಖಾತೆ ಆಯಿತೇ? ಅಥವಾ ಮೊದಲೇ ತಪ್ಪಾಗಿ ಬಿದ್ದಿದ್ದ ಹೆಸರನ್ನು ತಿದ್ದಿದರೇ? ನಾಲ್ಕಕ್ಕೂ ಪಹಣಿಯ ಹೆಸರಿನ ಸಾಲು ಒಂದೇ. ಆದರೆ ಉಳಿದ ಮಾಡೆಲ್‌ಗಳು ಮಾಡಬೇಕಾದ ಕೆಲಸ ನಾಲ್ಕು ಬಗೆ. ಮಾರಾಟವಾದರೆ ಅಣ್ಣನ ಎಫ್‌ಐಡಿಯಿಂದ ಆ ಹೊಲ ಇಳಿಯಬೇಕು, ಆದರೆ ಅಣ್ಣ ರೈತನಾಗಿ ಉಳಿಯುತ್ತಾನೆ. ತೀರಿಕೊಂಡಿದ್ದರೆ ಅವನ ಎಲ್ಲ ಹೊಲ, ಎಲ್ಲ ಸಾಲ, ಎಲ್ಲ ವಿಮೆಯ ಪ್ರಶ್ನೆ ಏಳುತ್ತದೆ. ತಿದ್ದುಪಡಿಯಾದರೆ ಹಿಂದಿನ ವರ್ಷಗಳ ಪರಿಹಾರವೂ ತಪ್ಪು ಹೆಸರಿಗೆ ಹೋಗಿರಬಹುದು. ಹೀಗಾಗಿ ಹೊಸ ರೂಪವನ್ನಷ್ಟೇ ಕಳಿಸಿದರೆ ಸಾಲದು, ಬದಲಾವಣೆಯನ್ನೇ ಒಂದು ವಸ್ತುವಾಗಿ ಹಿಡಿದು ಕಳಿಸಬೇಕು. ಕೆನಡಾದಲ್ಲಿ ಕೆಲಸ ಮಾಡಿದ ಜಿನೋವಿ ಡಿಸ್ಕಿನ್ ಮತ್ತು ಸಂಗಡಿಗರು 2011ರ ಹೊತ್ತಿಗೆ ಇದನ್ನು ಗಣಿತದ ಭಾಷೆಯಲ್ಲಿ ವಾದಿಸಿದರು.

ನಮ್ಮ ಪಹಣಿಯಲ್ಲಿ 9ನೇ ಕಾಲಮಿನ ಪಕ್ಕದಲ್ಲಿ 10ನೇ ಕಾಲಮ್ ಇದೆ. ಹಕ್ಕು ಹೇಗೆ ಬಂತು ಎಂದು ಬರೆಯುವ ಜಾಗ ಅದು. ಅಲ್ಲಿ ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ರಿಜಿಸ್ಟರಿಗೆ ಹೋದರೆ ಯಾರು, ಯಾವ ಕಾರಣಕ್ಕೆ, ಯಾವ ಕಾಗದದ ಬಲದಿಂದ, ಯಾರ ಆದೇಶದಂತೆ ಬದಲಿಸಿದರು ಎಂಬುದು ಸಿಗುತ್ತದೆ. ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲು ಕಂದಾಯದ ಗುಮಾಸ್ತರು ಸ್ಥಿತಿಯನ್ನು ಒಂದು ಪುಸ್ತಕದಲ್ಲಿ, ಬದಲಾವಣೆಯನ್ನು ಇನ್ನೊಂದರಲ್ಲಿ ಬರೆಯುತ್ತಿದ್ದರು. ಎರಡನ್ನೂ ಒಂದು ಸಂಖ್ಯೆಯಿಂದ ಹೊಲಿಯುತ್ತಿದ್ದರು. ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜಿನಲ್ಲೋ ಬೀದರಿನ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುವ ಮಕ್ಕಳು ಪಠ್ಯದ ಚಿತ್ರಗಳ ಜೊತೆ ತಮ್ಮ ಮನೆಯ ಪಹಣಿಯ 10ನೇ ಕಾಲಮನ್ನೂ ಒಮ್ಮೆ ಓದಲಿ. ಅದಕ್ಕಿಂತ ಒಳ್ಳೆಯ ಪಾಠ ನನಗಂತೂ ಗೊತ್ತಿಲ್ಲ.

ಆ ಪುಸ್ತಕಗಳು ಕಂಪ್ಯೂಟರಿಗೆ ಬಂದ ಕಥೆಯೂ ಇದೆ. 2000-01ರ ಹೊತ್ತಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಐಸಿ ಬರೆದ ತಂತ್ರಾಂಶದಿಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಲಾಠಿಯ ಮನೆ ಬಾಗಿಲಲ್ಲಿ ಕಾಯುತ್ತಿದ್ದ ರೈತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಅದು ಸಣ್ಣ ಸಾಧನೆಯಲ್ಲ, ಜಗತ್ತು ಬಂದು ನೋಡಿಕೊಂಡು ಹೋದ ಕೆಲಸ. ಆದರೆ ಅಂದು ಏರಿಸಿದ್ದು ಪಹಣಿಯ ಪುಸ್ತಕದಲ್ಲಿದ್ದ ವಿಸ್ತೀರ್ಣ. ಆಕಾರಬಂದಿನಲ್ಲಿ ಬೇರೆ ಸಂಖ್ಯೆ ಇದ್ದಲ್ಲಿ ಆ ಅಂತರವೂ ಅದರ ಜೊತೆಗೇ ಏರಿತು. ಎರಡು ಕಡತಗಳು ಬೇರೆಬೇರೆ ಕಪಾಟಿನಲ್ಲಿದ್ದಷ್ಟು ದಿನ ಯಾರೂ ತಾಳೆ ನೋಡುತ್ತಿರಲಿಲ್ಲ. ತಂತ್ರಾಂಶಗಳು ಒಂದನ್ನೊಂದು ಕೇಳತೊಡಗಿದ ಮೇಲೆ ಹಳೆಯ ಅಂತರ ಹೊಸ ಅಡ್ಡಿಯಾಯಿತು. ಭಾಲ್ಕಿಯ ಆ ಬೆಂಚಿನ ಮೇಲಿದ್ದ ಹಿರಿಯರ ನಾಲ್ಕು ಗುಂಟೆ ಹೀಗೆಯೇ ಕಳೆದಿರಬಹುದು.

ಅಳತೆಯ ಅಂಕಿಗಳಲ್ಲಿ ಇನ್ನೊಂದು ಹೊಂಡವಿದೆ. ಗುಂಟೆ ಅಂದರೆ 33 ಅಡಿಗೆ 33 ಅಡಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಮೂವರು ಅಣ್ಣತಮ್ಮಂದಿರು 6 ಎಕರೆ 20 ಗುಂಟೆಯನ್ನು ಪಾಲು ಮಾಡಿಕೊಳ್ಳುತ್ತಾರೆ ಅನ್ನಿ. ಇಬ್ಬರಿಗೆ 2 ಎಕರೆ 6 ಗುಂಟೆ 11 ಆಣೆ, ಒಬ್ಬನಿಗೆ ಒಂದು ಆಣೆ ಕಡಿಮೆ. ಕೂಡಿಸಿದರೆ ಲೆಕ್ಕ ಸರಿ. ಆಣೆಯ ಕಾಲಮ್ ಇಲ್ಲದ ತಂತ್ರಾಂಶ ಪ್ರತಿಯೊಂದನ್ನೂ 2 ಎಕರೆ 7 ಗುಂಟೆಗೆ ಏರಿಸಿದರೆ ಒಟ್ಟು 6 ಎಕರೆ 21 ಗುಂಟೆ. ಕಾಗದದ ಮೇಲೆ ಒಂದು ಗುಂಟೆ ಹೊಲ ಎಲ್ಲಿಂದಲೋ ಹುಟ್ಟಿತು. ಪಹಣಿಯಲ್ಲಿ ಚುಕ್ಕೆ ಇಟ್ಟು 2.20 ಎಂದು ಬರೆದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಆ ಚುಕ್ಕೆಯನ್ನು ದಶಮಾಂಶ ಎಂದು ಓದುವ ತಂತ್ರಾಂಶಕ್ಕೆ ಅದು ಎರಡು ಎಕರೆ ಮತ್ತು ಒಂದು ಎಕರೆಯ ಐದನೇ ಒಂದು ಭಾಗ. ಹನ್ನೆರಡು ಗುಂಟೆ ಅಲ್ಲಿಯೇ ಹೋಯಿತು. ಗಡಿಯಾಚೆ ಉದಗೀರ್, ದೇಗಲೂರಿನ ಸಾತ್‌ಬಾರಾ ಉತಾರದಲ್ಲಿ, ಅಂದರೆ ಮಹಾರಾಷ್ಟ್ರದ ಪಹಣಿಯಲ್ಲಿ, ಲೆಕ್ಕ ಹೆಕ್ಟೇರು ಮತ್ತು ಅದರ ನೂರನೇ ಒಂದು ಭಾಗವಾದ ಆರ್‌ನಲ್ಲಿ. ಒಂದು ಹೆಕ್ಟೇರಿಗೆ 2 ಎಕರೆ 18 ಗುಂಟೆ ಮತ್ತು ಸುಮಾರು 13 ಆಣೆ. ಎರಡೂ ಕಡೆ ಹೊಲವಿರುವ ಔರಾದ್, ಕಮಲನಗರದ ಮನೆಗಳವರು ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾರೆ. ತಂತ್ರಾಂಶಕ್ಕೆ ಯಾರಾದರೂ ಹೇಳಿಕೊಡಬೇಕು. ಅಂಕಿಯ ಜೊತೆ ಅದರ ಅಳತೆಗೋಲನ್ನೂ ಕಳಿಸಬೇಕೆಂಬ ಪಾಠ ಇಲ್ಲಿದೆ.

ಮೂರನೆಯ ವಿಚಾರ, ಹೊಂದದಿರುವುದನ್ನು ತಾಳಿಕೊಳ್ಳುವುದು. ಎಲ್ಲ ಮಾಡೆಲ್‌ಗಳೂ ಪ್ರತಿ ಕ್ಷಣ ಒಂದೇ ಮಾತು ಹೇಳಬೇಕೆಂದು ಹಟ ಹಿಡಿಯುವುದು ತಪ್ಪು ಎಂದು 1991ರಲ್ಲಿ ರಾಬರ್ಟ್ ಬಾಲ್ಜರ್ ಬರೆದರು. ಹೊಂದದ ಜಾಗಕ್ಕೆ ಒಂದು ಗುರುತು ಹಾಕು, ಗುರುತು ಇರುವವರೆಗೆ ಅದನ್ನು ನಂಬಿ ಮುಂದಿನ ಕೆಲಸ ಮಾಡದಂತೆ ತಡೆ, ಉಳಿದದ್ದು ನಡೆಯಲಿ ಎಂಬುದು ಅವರ ಸಲಹೆ. ನಮ್ಮ ಕಂದಾಯ ಕಾಯ್ದೆಗೆ ಇದು ಮೊದಲಿಂದ ಗೊತ್ತು. ಹೊಲದ ಒಂದು ಭಾಗ ಮಾರಬೇಕಾದರೆ ಮೊದಲು ಮೋಜಿಣಿಯಿಂದ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬರಬೇಕು. ನೋಂದಣಿಯಾದ ಕೂಡಲೇ ಕಾವೇರಿಯಿಂದ ಭೂಮಿಗೆ ಆ ಸುದ್ದಿ ಹೊತ್ತ ಜೆ ಸ್ಲಿಪ್ ತಾನಾಗಿ ಹೋಗುತ್ತದೆ. ಆದರೆ ಪಹಣಿ ತಕ್ಷಣ ಬದಲಾಗುವುದಿಲ್ಲ. ನೋಟಿಸ್ ಹೊರಡುತ್ತದೆ, ತಕರಾರು ಇದ್ದವರು ಹೇಳಲು ಗೊತ್ತಾದ ದಿನಗಳಿವೆ. ಅಷ್ಟು ದಿನ ಕಾವೇರಿಯಲ್ಲಿ ಹೊಸ ಮಾಲೀಕ, ಭೂಮಿಯಲ್ಲಿ ಹಳೆಯ ಮಾಲೀಕ. ಇದನ್ನು ತಂತ್ರಾಂಶದ ಸೋಮಾರಿತನ ಎಂದು ಎಣಿಸಬೇಡಿ. ತನಗೆ ತಿಳಿಸದೆ ಅಣ್ಣ ಹೊಲ ಮಾರಿದನೆಂದು ಹೇಳಲು ತಂಗಿಗೆ ಇರುವ ಕಾಲ ಅದು.

ನೆರೆಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ತೆಲಂಗಾಣ 2020ರ ಅಕ್ಟೋಬರಿನಲ್ಲಿ ‘ಧರಣಿ’ ಪೋರ್ಟಲ್ ತಂದು ನೋಂದಣಿ ಮತ್ತು ಮ್ಯುಟೇಶನ್ ಎರಡನ್ನೂ ತಹಸೀಲ್ದಾರರ ಕಚೇರಿಯಲ್ಲೇ ಒಟ್ಟಿಗೆ ಮುಗಿಸುವಂತೆ ಮಾಡಿತು. ವೇಗ ಬಂತು. ಆದರೆ ತಪ್ಪಾಗಿ ಬಿದ್ದ ದಾಖಲೆಯನ್ನು ಸರಿಪಡಿಸುವ ದಾರಿ ಇಕ್ಕಟ್ಟಾಯಿತೆಂಬ ದೂರು ವರ್ಷಗಟ್ಟಲೆ ಕೇಳಿಬಂತು. 2025ರಲ್ಲಿ ಆ ರಾಜ್ಯ ಹೊಸ ಕಾಯ್ದೆ ಮಾಡಿ ‘ಭೂಭಾರತಿ’ಯನ್ನು ತಂದಿತು. 1956ರಲ್ಲಿ ನಮ್ಮಿಂದ ಹೋದ ನ್ಯಾಲ್ಕಲ್, ಜಹೀರಾಬಾದಿನ ರೈತರು ಐದು ವರ್ಷಗಳ ಒಳಗೆ ಎರಡು ಸಲ ವ್ಯವಸ್ಥೆ ಬದಲಾದದ್ದನ್ನು ಕಂಡರು. ಮಾಡೆಲ್‌ಗಳನ್ನು ಬೇಗ ಹೊಂದಿಸುವುದು ಒಳ್ಳೆಯದೇ, ತಪ್ಪಿಗೆ ಹೊಂದಿಸಿದ್ದನ್ನು ಹಿಂದಕ್ಕೆ ತರುವ ದಾರಿ ಇದ್ದಾಗ ಮಾತ್ರ.

ಈಗ ಬೆಳೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬೀದರಿನಲ್ಲಿ ಹೆಚ್ಚು ಜನ ಎಡವುವುದು ಅಲ್ಲಿ. ಜೂನ್‌ನಲ್ಲಿ ಮಳೆ ನೋಡಿ ಹೆಸರು ಬಿತ್ತಬೇಕೆಂದು ರೈತ ವಿಮೆ ಕಟ್ಟುತ್ತಾನೆ. ಮಳೆ ತಡವಾಗುತ್ತದೆ, ಹೆಸರಿನ ಹದ ತಪ್ಪುತ್ತದೆ, ಸೋಯಾ ಹಾಕುತ್ತಾನೆ, ಸಾಲಿನ ನಡುವೆ ತೊಗರಿ. ಸಮೀಕ್ಷೆಗೆ ಬಂದವರು ಫೋಟೊ ತೆಗೆದು ಸೋಯಾ ಎಂದು ಬರೆಯುತ್ತಾರೆ. ಸರಿಯಾಗಿಯೇ ಬರೆದಿದ್ದಾರೆ. ಅವನೂ ವಿಮೆ ಕಟ್ಟಿದ ದಿನ ಸುಳ್ಳು ಹೇಳಿರಲಿಲ್ಲ. ಮಾಂಜ್ರಾ ಉಕ್ಕಿ ಹೊಲ ನೀರಲ್ಲಿ ನಿಂತ ಮೇಲೆ ಎರಡು ತಂತ್ರಾಂಶಗಳು ಒಂದನ್ನೊಂದು ಕೇಳುತ್ತವೆ. ಒಂದು ಹೆಸರು ಅನ್ನುತ್ತದೆ, ಇನ್ನೊಂದು ಸೋಯಾ ಅನ್ನುತ್ತದೆ. ತಾಳೆ ಇಲ್ಲ ಎಂದು ಅರ್ಜಿ ನಿಲ್ಲುತ್ತದೆ. ಆಗಸ್ಟ್‌ನಲ್ಲಿ ಸಮೀಕ್ಷೆ ಮುಗಿದ ವಾರವೇ ಈ ಅಂತರ ಯಂತ್ರಕ್ಕೆ ಕಂಡಿರಬೇಕು. ರೈತನಿಗೆ ಅದು ತಿಳಿಯುವುದು ಹೊಲ ಹಾಳಾದ ಮೇಲೆ.

ನನ್ನ ಆಕ್ಷೇಪಣೆ ಇರುವುದು ಇಲ್ಲಿ. ಬದಲಾವಣೆಯ ಸುದ್ದಿಯನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಕೆಲಸವನ್ನು ನಾವು ರೈತನ ತಲೆಗೆ ಹಾಕಿದ್ದೇವೆ. ಅವನು ತಾಲ್ಲೂಕು ಕಚೇರಿಯಿಂದ ಸರ್ವೆಗೆ, ಸರ್ವೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ರೈತ ಸಂಪರ್ಕ ಕೇಂದ್ರಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ಓಡಾಡುತ್ತಾನೆ. ಔರಾದಿನ ಗಡಿಯ ತಾಂಡಾದಿಂದ ಬೀದರಿಗೆ ಬರುವ ಮನುಷ್ಯನಿಗೆ ಒಂದು ಓಡಾಟಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ತಂತ್ರಾಂಶದ ಭಾಷೆಯಲ್ಲಿ ಹೇಳಿದರೆ ಐದು ಡೇಟಾಬೇಸುಗಳ ನಡುವಿನ ತಂತಿ ಅವನೇ ಆಗಿದ್ದಾನೆ.

ಯಾರ ಮಾತು ಯಾವ ವಿಷಯಕ್ಕೆ ಕೊನೆಯದು ಎಂಬುದನ್ನು ಬರೆದಿಟ್ಟರೆ ಅರ್ಧ ಓಡಾಟ ತಪ್ಪುತ್ತದೆ. ವಿಸ್ತೀರ್ಣಕ್ಕೆ ಭೂಮಾಪನ, ಹಕ್ಕಿಗೆ ಮ್ಯುಟೇಶನ್ ಆದೇಶ, ಬೆಳೆಗೆ ಸಮೀಕ್ಷೆ, ಋಣಕ್ಕೆ ಸಾಲ ಕೊಟ್ಟವರು. ಆ ವಿಷಯ ಬದಲಾದಾಗ ಕಾರಣಸಹಿತ ಉಳಿದವರಿಗೆ ತಿಳಿಸುವ ಹೊಣೆಯೂ ಅವರದೇ ಆಗಬೇಕು. ಹೊಂದದ ಜಾಗ ಕಂಡರೆ ಯಂತ್ರ ತಾನೇ ತೀರ್ಮಾನ ಮಾಡಬಾರದು. ಗುರುತು ಹಾಕಿ, ಅದೇ ದಿನ ರೈತನ ಮೊಬೈಲಿಗೆ ಕನ್ನಡದಲ್ಲಿ, ನಮ್ಮ ಜಿಲ್ಲೆಯಲ್ಲಾದರೆ ಮರಾಠಿ ಮತ್ತು ಉರ್ದುವಿನಲ್ಲೂ, ಏನು ಹೊಂದುತ್ತಿಲ್ಲ ಎಂದು ಹೇಳಬೇಕು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಊರೂರಿಗೆ ಹೋದರು. ತೀರಿಕೊಂಡವರ ಹೆಸರಿನಲ್ಲೇ ಉಳಿದಿದ್ದ ಖಾತೆಗಳು ಆಗ ಲೆಕ್ಕಕ್ಕೆ ಸಿಕ್ಕವು. ಕಚೇರಿಯೇ ಮನೆ ಬಾಗಿಲಿಗೆ ಹೋದರೆ ಕೆಲಸವಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಈ ಬೇಸಿಗೆಯಲ್ಲಿ, ಮಿರುಗ ಮಳೆಗೆ ಮುಂಚೆ, ಪಹಣಿ, ಆಕಾರಬಂದು, ಎಫ್‌ಐಡಿಯ ಹೊಲಗಳ ಪಟ್ಟಿ, ಬ್ಯಾಂಕಿನ ಸಾಲದ ಚೀಟಿ ಮತ್ತು ಕಳೆದ ಹಂಗಾಮಿನ ಬೆಳೆ ಸಮೀಕ್ಷೆಯ ವಿವರ ಇವಿಷ್ಟನ್ನೂ ಒಂದೇ ದಿನ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ. ಹೆಸರಿನ ಅಕ್ಷರ, ಎಕರೆ, ಗುಂಟೆ, ಆಣೆ, ತಾಲ್ಲೂಕಿನ ಹೆಸರು ಎಲ್ಲವನ್ನೂ ಬೆರಳಿಟ್ಟು ಓದಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಅವರನ್ನೂ ಕೂಡಿಸಿಕೊಳ್ಳಿ. ಹೊಂದದಿರುವುದು ಕಂಡರೆ ಬಿತ್ತನೆಗೆ ಮೊದಲೇ ತಿದ್ದುಪಡಿಗೆ ಅರ್ಜಿ ಕೊಡಿ, ಸ್ವೀಕೃತಿ ಚೀಟಿಯ ಮೇಲೆ ದಿನಾಂಕ ಇದೆಯೇ ನೋಡಿ ಇಸಿದುಕೊಳ್ಳಿ.